ಹಿಟ್ಟಿಗೆ ಬೇಕಾದ ಹೊತ್ತು

"ಒಂದು ಗಂಟೆ ಬಿಡಿ, ಹಿಟ್ಟು ಎರಡರಷ್ಟಾಗುತ್ತದೆ." ಬ್ರೆಡ್ ಮಾಡುವ ಯಾವ ವಿಧಾನ ಓದಿದರೂ ಈ ಸಾಲು ಇದ್ದೇ ಇರುತ್ತದೆ. ಕನ್ನಡದಲ್ಲಿ ಬರೆದವರೂ ಹೀಗೇ ಬರೆಯುತ್ತಾರೆ, ಮಲಯಾಳದಲ್ಲಿ ಬರೆದವರೂ ಹೀಗೇ. ಓದಿದಾಗಲೆಲ್ಲ ನನಗೆ ಒಂದೇ ಪ್ರಶ್ನೆ ಬರುತ್ತದೆ. ಯಾವ ಊರಿನ ಒಂದು ಗಂಟೆ? ಯಾವ ತಿಂಗಳಿನ ಒಂದು ಗಂಟೆ?

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಬದಿಯಲ್ಲಿ. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಅಡುಗೆಮನೆಯ ಬಿಸಿ 33, 34 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಜುಲೈಯಲ್ಲಿ ಸೆಕೆ ಕಡಿಮೆ, ಆದರೆ ಗಾಳಿಯಲ್ಲೇ ನೀರು. ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಹಪ್ಪಳ ಸಂಜೆಯೊಳಗೆ ಮೆತ್ತಗಾಗುತ್ತದೆ. ಡಿಸೆಂಬರ್ ಕೊನೆಗೆ ಬೆಳಗಿನ ಹೊತ್ತು 20, 22ಕ್ಕೆ ಇಳಿಯುತ್ತದೆ. ಒಂದೇ ಮನೆ, ಒಂದೇ ಪಾತ್ರೆ, ಒಂದೇ ಪ್ಯಾಕೆಟ್ಟಿನ ಮೈದಾ. ಆದರೂ ಹಿಟ್ಟು ಉಬ್ಬುವ ಹೊತ್ತು ಮೂರು ಕಾಲಕ್ಕೆ ಮೂರು ತರ. ಚಳಿಯ ದೇಶದವರು ತಮ್ಮ ಅಡುಗೆಮನೆಗೆ ಲೆಕ್ಕ ಹಾಕಿ ಬರೆದ ಗಂಟೆಯನ್ನು ನಾವು ಹಾಗೆಯೇ ತೆಗೆದುಕೊಂಡರೆ ಹೇಗೆ?

ಅದಕ್ಕೇ ಈ ಬರಹ. ಬ್ರೆಡ್ಡಿನಲ್ಲಿ ಏನೇನು ಹಾಕಬೇಕು ಎಂಬುದರ ಬಗ್ಗೆ ಎಲ್ಲರೂ ಬರೆದಿದ್ದಾರೆ. ಕಲಸಿದ ಮೇಲೆ, ಬೇಯಿಸುವ ಮೊದಲು, ಹಿಟ್ಟು ಸುಮ್ನೆ ಕೂತಿರುವ ಆ ಹೊತ್ತಿನ ಬಗ್ಗೆ ಬರೆದವರು ಕಡಿಮೆ. ನನ್ನ ಮಟ್ಟಿಗೆ ಬ್ರೆಡ್ ತಯಾರಾಗುವುದೇ ಆ ಹೊತ್ತಿನಲ್ಲಿ. ಮತ್ತು ನಮ್ಮಂಥ ಸೆಕೆಯ ಊರಿನಲ್ಲಿ ಆ ಹೊತ್ತನ್ನು ನಿಭಾಯಿಸಲು ತಂಪು ಬೇಕೇ ಬೇಕು.

ಗೋಧಿ ಬೆಳೆಯುವ ಊರು ನಮ್ಮದಲ್ಲ. ನಮ್ಮ ಹಿರಿಯರ ಕೈಗೆ ಗೊತ್ತಿದ್ದದ್ದು ಅಕ್ಕಿ. ಆದರೆ ಹಿಟ್ಟನ್ನು ಕೂರಿಸುವುದು ಅವರಿಗೆ ಗೊತ್ತಿರಲಿಲ್ಲ ಅಂತ ಯಾರೂ ಹೇಳುವಂತಿಲ್ಲ. ಹೋಳಿಗೆಯ ಕಣಕವನ್ನೇ ನೋಡಿ. ಮೈದಾ, ಚಿರೋಟಿ ರವೆ, ಚಿಟಿಕೆ ಅರಸಿನ, ನೀರು. ಕೈಗೆ ಅಂಟುವಷ್ಟು ಮೆತ್ತಗೆ ಕಲಸಿ, ನಾದಿ ನಾದಿ, ಮೇಲಿಂದ ಧಾರಾಳವಾಗಿ ಎಣ್ಣೆ ಹೊಯ್ದು ಮುಚ್ಚಿಡುತ್ತಾರೆ. ಎರಡು ಗಂಟೆಯಾದರೂ ಬೇಕು, ಮೂರಾದರೆ ಇನ್ನೂ ಒಳ್ಳೆಯದು. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮತ್ತೆ ಹೇಳುತ್ತಿದ್ದದ್ದು ಈಗಲೂ ಕಿವಿಯಲ್ಲಿ ಉಂಟು. "ಈಗಲೇ ತಟ್ಟಬೇಡ. ಈಗ ತಟ್ಟಿದರೆ ಅದು ಹಿಂದಕ್ಕೆ ಓಡುತ್ತದೆ. ಕೂತ ಮೇಲೆ ನೀನು ಎಳೆದಲ್ಲಿಗೆ ಬರುತ್ತದೆ."

ಹಿಂದಕ್ಕೆ ಓಡುತ್ತದೆ ಎನ್ನುವುದಕ್ಕಿಂತ ಸರಿಯಾಗಿ ಇದನ್ನು ಹೇಳಲು ಸಾಧ್ಯವಿಲ್ಲ. ಗೋಧಿ ಹಿಟ್ಟಿನಲ್ಲಿ ಗ್ಲುಟೆನಿನ್ ಮತ್ತು ಗ್ಲಯಾಡಿನ್ ಎಂಬ ಎರಡು ಪ್ರೋಟೀನುಗಳಿವೆ. ಒಣ ಹಿಟ್ಟಿನಲ್ಲಿ ಅವು ತಮ್ಮಷ್ಟಕ್ಕೆ ಇರುತ್ತವೆ. ನೀರು ಬಿದ್ದಾಗ ಒಂದಕ್ಕೊಂದು ಹೆಣೆದುಕೊಂಡು ಗ್ಲುಟನ್ ಆಗುತ್ತದೆ. ಗ್ಲುಟೆನಿನ್ನಿಂದ ಬಿಗಿ ಬರುತ್ತದೆ, ಎಳೆದರೆ ಹಿಂದಕ್ಕೆ ಹೋಗುವ ಗುಣ ಬರುತ್ತದೆ. ಗ್ಲಯಾಡಿನ್ನಿಂದ ಹರಿಯದೆ ಹಿಗ್ಗುವ ಗುಣ ಬರುತ್ತದೆ. ನಾದಿದ ಕೂಡಲೇ ಬಿಗಿಯದ್ದೇ ಕೈಮೇಲು. ಬಿಟ್ಟರೆ ಎಳೆಗಳು ಸಡಿಲಾಗಿ ಹೊಸದಾಗಿ ಜೋಡಿಸಿಕೊಳ್ಳುತ್ತವೆ. ಆಗ ಹಿಟ್ಟು ಕೈಯ ಮಾತು ಕೇಳುತ್ತದೆ. ಕಣಕದಲ್ಲಿ ಇನ್ನೂ ಒಂದು ಕೆಲಸ ಆಗುತ್ತದೆ. ರವೆಯ ಕಣ ಒಳಗಿನವರೆಗೆ ನೀರು ಕುಡಿಯಲು ಹೊತ್ತು ಬೇಕು, ಅದೂ ಅಷ್ಟರಲ್ಲಿ ಆಗುತ್ತದೆ. ಮೇಲಿನ ಎಣ್ಣೆ ಹಿಟ್ಟಿನ ಮೈ ಒಣಗದ ಹಾಗೆ ನೋಡಿಕೊಳ್ಳುತ್ತದೆ. ಇಷ್ಟೆಲ್ಲ ಹೆಸರು ಗೊತ್ತಿಲ್ಲದೆಯೇ ನಮ್ಮತ್ತೆ ಬಾಳೆಎಲೆಯ ಮೇಲೆ ಕಾಗದದಷ್ಟು ತೆಳ್ಳಗೆ ಹೋಳಿಗೆ ತಟ್ಟುತ್ತಿದ್ದರು.

ಕಾಸರಗೋಡು ಪೇಟೆಗೆ ಹೋದರೆ ಇದೇ ವಿದ್ಯೆ ಇನ್ನೊಂದು ರೂಪದಲ್ಲಿ ಕಾಣುತ್ತದೆ. ಮಲಬಾರಿನ ಪೊರೋಟ. ಹೋಟೆಲಿನ ಅಡುಗೆಮನೆಯ ಕಡೆ ಕಣ್ಣು ಹಾಯಿಸಿದರೆ, ಮಧ್ಯಾಹ್ನದ ಹೊತ್ತಿಗೆ ಎಣ್ಣೆ ಸವರಿದ ಮೈದಾದ ಉಂಡೆಗಳು ದೊಡ್ಡ ತಟ್ಟೆಯಲ್ಲಿ ಒದ್ದೆ ಬಟ್ಟೆಯ ಕೆಳಗೆ ಸಾಲಾಗಿ ಕೂತಿರುತ್ತವೆ. ಸಂಜೆ ಅದೇ ಉಂಡೆಯನ್ನು ಬೀಸಿ ಬೀಸಿ ಎಸೆದರೆ ಕಲ್ಲಿನ ಮೇಲೆ ಪರದೆಯಂತೆ ಹರಡಿಕೊಳ್ಳುತ್ತದೆ. ಆಗಷ್ಟೇ ನಾದಿದ ಉಂಡೆಯನ್ನು ಹಾಗೆ ಬೀಸಲು ಹೋದರೆ ತೂತಾಗುತ್ತದೆ. ಆ ಹುಡುಗರ ಕೈಚಳಕಕ್ಕೆ ಎಲ್ಲರೂ ಬೆರಗಾಗುತ್ತಾರೆ. ಅದರಲ್ಲಿ ಅರ್ಧ ಪಾಲು ಆ ಮೂರು ನಾಲ್ಕು ಗಂಟೆಯ ವಿಶ್ರಾಂತಿಗೆ ಸಲ್ಲಬೇಕು.

ಬ್ರೆಡ್ಡಿಗೆ ಈ ತಿಳಿವಳಿಕೆಯನ್ನು ಹೆಸರಿಟ್ಟು ತಂದವರು ಫ್ರಾನ್ಸಿನಲ್ಲಿ ಬ್ರೆಡ್ ಮಾಡುವುದನ್ನು ಕಲಿಸುತ್ತಿದ್ದ ರೇಮಂಡ್ ಕಾಲ್ವೆಲ್. 1970ರ ದಶಕದಲ್ಲಿ ಅವರು ಹೇಳಿಕೊಟ್ಟ ಕ್ರಮಕ್ಕೆ ಆಟೊಲೀಸ್ ಎನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಸಣ್ಣದು. ಹಿಟ್ಟು ಮತ್ತು ನೀರು ಮಾತ್ರ ಒಣ ಪುಡಿ ಕಾಣದಷ್ಟು ಕಲಸಿ, ಮುಚ್ಚಿ, ಇಪ್ಪತ್ತರಿಂದ ಮೂವತ್ತು ನಿಮಿಷ ಬಿಡಬೇಕು. ಉಪ್ಪು, ಯೀಸ್ಟ್ ಆಮೇಲೆ. ಉಪ್ಪು ಗ್ಲುಟನ್ನನ್ನು ಬಿಗಿ ಮಾಡುತ್ತದೆ, ಹಾಗಾಗಿ ಅದು ಕಾದರೆ ಒಳ್ಳೆಯದು. ಯೀಸ್ಟ್ ಮೊದಲೇ ಸೇರಿದರೆ ಆಗಿನಿಂದಲೇ ಹುಳಿ ಬರಲು ಶುರು. ಅದೂ ಬೇಡ. ಮುಚ್ಚುವಾಗ ಗಂಟು ಗಂಟಾಗಿ, ಒರಟಾಗಿ ಇದ್ದ ಮುದ್ದೆ ಅರ್ಧ ಗಂಟೆ ಬಿಟ್ಟು ಮುಟ್ಟಿದರೆ ನುಣುಪಾಗಿರುತ್ತದೆ. ಯಾರೂ ನಾದಿಲ್ಲ. ನೀರು ಮತ್ತು ಹೊತ್ತು ಸೇರಿ ಮಾಡಿದ ಕೆಲಸ ಅದು. ಮೊಣಕೈ ನೋವಿನವರು, ವಯಸ್ಸಾದವರು, ನಾದಲು ಆಗುವುದಿಲ್ಲ ಅಂತ ಬ್ರೆಡ್ ಕೈಬಿಟ್ಟವರು ಇದನ್ನೊಮ್ಮೆ ಮಾಡಿ ನೋಡಬೇಕು.

ಅಮೆರಿಕದ ಜಿಮ್ ಲೇಹಿ ಎಂಬ ಬ್ರೆಡ್ ಮಾಡುವವರು ಇದನ್ನು ಇನ್ನೂ ದೂರ ಒಯ್ದರು. ನಾದುವುದೇ ಬೇಡ ಎಂದರು. ಮೂರು ಕಪ್ ಹಿಟ್ಟಿಗೆ ಕಾಲು ಚಮಚ ಯೀಸ್ಟ್, ನೀರು ಸ್ವಲ್ಪ ಜಾಸ್ತಿ, ಹನ್ನೆರಡರಿಂದ ಹದಿನೆಂಟು ಗಂಟೆ ಹೊರಗೆ ಬಿಡಿ, ಅಷ್ಟೇ. 2006ರಲ್ಲಿ ಇದು ಪತ್ರಿಕೆಯಲ್ಲಿ ಬಂದು ಜಗತ್ತೆಲ್ಲ ಸುತ್ತಿತು. ಒಳ್ಳೆಯ ವಿಧಾನ, ಅನುಮಾನವಿಲ್ಲ. ಆದರೆ ಆ ಹದಿನೆಂಟು ಗಂಟೆ 21, 22 ಡಿಗ್ರಿಯ ಅಡುಗೆಮನೆಯದ್ದು. ಮೇ ತಿಂಗಳಿನಲ್ಲಿ ಕುಂಬಳೆಯಲ್ಲೋ ಮಂಜೇಶ್ವರದಲ್ಲೋ ಅದನ್ನು ಹದಿನೆಂಟು ಗಂಟೆ ಹೊರಗಿಟ್ಟರೆ ಸಿಗುವುದು ಬ್ರೆಡ್ಡಿನ ಹಿಟ್ಟಲ್ಲ, ಹುಳಿ ಅಂಟು.

ಇದರ ಕಾರಣ ಯೀಸ್ಟಿನ ಸ್ವಭಾವದಲ್ಲಿದೆ. ಯೀಸ್ಟ್ ಜೀವ ಇರುವಂಥದ್ದು. 25ರಿಂದ 35 ಡಿಗ್ರಿಯ ನಡುವೆ ಅದಕ್ಕೆ ಖುಷಿ. ಬಿಸಿ ಹತ್ತು ಡಿಗ್ರಿ ಏರಿದರೆ ಅದರ ವೇಗ ಸುಮಾರು ಎರಡರಷ್ಟಾಗುತ್ತದೆ. 10 ಡಿಗ್ರಿಗಿಂತ ಕೆಳಗೆ ಬಹಳ ನಿಧಾನ. ಫ್ರಿಜ್ಜಿನ 4 ಡಿಗ್ರಿಯಲ್ಲಿ ಹೆಚ್ಚು ಕಡಿಮೆ ನಿದ್ದೆ. 60 ಡಿಗ್ರಿಗೆ ಬರುವಾಗ ಸಾಯುತ್ತದೆ. ವೇಗವಾಗಿ ಉಬ್ಬಿದರೆ ಒಳ್ಳೆಯದೇ ಅಲ್ವಾ ಅಂತ ಕೇಳಬಹುದು. ಅಲ್ಲ. ಉಬ್ಬುವುದು ಬರೀ ಗಾಳಿ. ರುಚಿ ಬರುವುದು ನಿಧಾನಕ್ಕೆ. ಹಿಟ್ಟಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯಬೇಕು. ಬ್ಯಾಕ್ಟೀರಿಯಾಗಳು ಸ್ವಲ್ಪ ಸ್ವಲ್ಪ ಹುಳಿ ಬಿಡಬೇಕು. ಇವಕ್ಕೆಲ್ಲ ಗಂಟೆಗಟ್ಟಲೆ ಬೇಕು. ಮುಕ್ಕಾಲು ಗಂಟೆಯಲ್ಲಿ ಪಾತ್ರೆಯ ಅಂಚಿಗೆ ಬಂದ ಹಿಟ್ಟಿನ ಬ್ರೆಡ್ಡಿಗೆ ಯೀಸ್ಟಿನ ವಾಸನೆ ಬಿಟ್ಟು ಬೇರೇನಿರುವುದಿಲ್ಲ. ಮಾರನೆ ದಿನವೇ ಒಣಗಿ ಪುಡಿಯಾಗುತ್ತದೆ. ಮನೆಯ ಬ್ರೆಡ್ ಅಂದರೆ ಹೀಗೇ ಅಂತ ಜನ ತಿಳಿದುಕೊಂಡಿದ್ದಾರೆ. ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಹಾಗಾದರೆ ಸೆಕೆಯಲ್ಲಿ ಏನು ಮಾಡುವುದು? ಮೊದಲ ಹೆಜ್ಜೆ ಕಲಸುವ ನೀರಿನಲ್ಲಿದೆ. ಕಲಸಿ ಮುಗಿದಾಗ ಹಿಟ್ಟಿನ ಬಿಸಿ 25 ಡಿಗ್ರಿ ಹತ್ತಿರ ಇರಬೇಕು. ಬೇಕರಿಯವರಲ್ಲಿ ಇದಕ್ಕೆ ಒಂದು ಹಳೆಯ ಲೆಕ್ಕ ಉಂಟು. ಅಡುಗೆಮನೆ, ಹಿಟ್ಟು, ನೀರು ಎಂದು ಲೆಕ್ಕಕ್ಕೆ ಮೂರು ಬಿಸಿ, ಹಾಗಾಗಿ 25ನ್ನು 3ರಿಂದ ಗುಣಿಸಿದರೆ 75. ಅಡುಗೆಮನೆ 32 ಡಿಗ್ರಿ ಇದ್ದರೆ ಅಲ್ಲೇ ಇರುವ ಹಿಟ್ಟೂ 32. ಎರಡನ್ನೂ ಕಳೆದರೆ ಉಳಿಯುವುದು 11. ಕೈಯಲ್ಲಿ ನಾದುವಾಗ ಹುಟ್ಟುವ ಬಿಸಿಗೆ ಇನ್ನೆರಡು ಮೂರು ಕಳೆಯಿರಿ. ಅಂದರೆ ನೀರು 8, 9 ಡಿಗ್ರಿ ಇರಬೇಕು. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ನೀರು! ಮಿಕ್ಸರ್ ಯಂತ್ರದಲ್ಲಿ ಕಲಸಿದರೆ ಉಜ್ಜಾಟದ ಬಿಸಿ ಇನ್ನೂ ಜಾಸ್ತಿ, ಐಸ್ ತುಂಡೇ ಬೇಕಾಗಬಹುದು. "ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ" ಎಂಬ ಮಾತು ನಮ್ಮ ಬೇಸಿಗೆಗೆ ಹೇಳಿದ್ದಲ್ಲ. ಒಂದು ಎಚ್ಚರ ಮಾತ್ರ ಬೇಕು. ಇನ್‌ಸ್ಟಂಟ್ ಯೀಸ್ಟಿನ ಮೇಲೆ ನೇರವಾಗಿ ತಣ್ಣೀರು ಹೊಯ್ಯಬಾರದು, ಅದರ ಶಕ್ತಿ ಕುಂದುತ್ತದೆ. ಎರಡು ಚಮಚ ಬೆಚ್ಚಗಿನ ನೀರಿನಲ್ಲಿ ಅದನ್ನು ಬೇರೆಯಾಗಿ ಕರಗಿಸಿಟ್ಟು ಆಮೇಲೆ ಹಿಟ್ಟಿಗೆ ಸೇರಿಸಿ.

ಥರ್ಮಾಮೀಟರ್ ಇಲ್ಲದ ಮನೆಗೆ ನಮ್ಮ ಊರಿನದ್ದೇ ಒಂದು ಅಳತೆ ಇದೆ. ತೆಂಗಿನೆಣ್ಣೆ. ಅದು ಕರಗುವುದು ಸುಮಾರು 24, 25 ಡಿಗ್ರಿಯಲ್ಲಿ. ಧನುರ್ಮಾಸದ ಬೆಳಗ್ಗೆ ಬಾಟಲಿಯಲ್ಲಿ ಎಣ್ಣೆ ಬೆಳ್ಳಗೆ ಗಟ್ಟಿ ಕಟ್ಟಿದ್ದರೆ ಅಡುಗೆಮನೆ 24ಕ್ಕಿಂತ ತಂಪಾಗಿದೆ ಎಂದು ಅರ್ಥ. ಅಂಥ ರಾತ್ರಿ ಯೀಸ್ಟ್ ಕಡಿಮೆ ಹಾಕಿ ಹಿಟ್ಟನ್ನು ಹೊರಗೇ ಬಿಡಬಹುದು. ಲೇಹಿಯವರ ವಿಧಾನ ಆಗ ನಮ್ಮಲ್ಲೂ ಚೆನ್ನಾಗಿ ನಡೆಯುತ್ತದೆ. ಎಣ್ಣೆ ಅರ್ಧ ಗಟ್ಟಿ, ಅರ್ಧ ನೀರಾಗಿದ್ದರೆ ಗಡಿಯಲ್ಲಿದ್ದೀರಿ, ನಡುನಡುವೆ ಇಣುಕುತ್ತಿರಬೇಕು. ಪೂರ್ತಿ ನೀರಾಗಿದ್ದರೆ, ಅಂದರೆ ವರ್ಷದ ಹೆಚ್ಚಿನ ತಿಂಗಳೂ, ಹಿಟ್ಟಿಗೆ ಫ್ರಿಜ್ಜೇ ಗತಿ.

ಫ್ರಿಜ್ಜಿನಲ್ಲಿ ಹಿಟ್ಟಿಡುವುದನ್ನು ಇನ್ನೂ ಸೋಮಾರಿತನ ಎಂದುಕೊಂಡವರಿದ್ದಾರೆ. ತಾಜಾ ಅಲ್ಲ ಎಂಬ ಅನುಮಾನವೂ ಇದೆ. ಆದರೆ ದೋಸೆ ಹಿಟ್ಟು ಹದವಾಗಿ ಹುಳಿ ಬಂದ ಕೂಡಲೇ ಎಲ್ಲರೂ ಫ್ರಿಜ್ಜಿಗೆ ಇಡುತ್ತೇವಲ್ಲ? ಹುಳಿ ಅಲ್ಲಿಗೇ ನಿಲ್ಲಲಿ ಎಂದು. ಬ್ರೆಡ್ಡಿಗೆ ಸ್ವಲ್ಪ ಬೇರೆ. ಇಲ್ಲಿ ಹದ ಬರುವ ಮೊದಲೇ ಇಟ್ಟು, ಉಳಿದ ಹುಳಿಯನ್ನು ತಂಪಿನಲ್ಲೇ ನಿಧಾನವಾಗಿ ಬರಿಸುತ್ತೇವೆ. ಯೀಸ್ಟ್ ಮಲಗುತ್ತದೆ, ಕಿಣ್ವಗಳ ಕೆಲಸ ಮೆಲ್ಲಗೆ ನಡೆಯುತ್ತಿರುತ್ತದೆ. ಬೆಳಗ್ಗೆ ಮುಚ್ಚಳ ತೆಗೆದರೆ ಮಾಗಿದ ಹಣ್ಣಿನದ್ದೂ ಹುಳಿ ಮಜ್ಜಿಗೆಯದ್ದೂ ಸೇರಿದ ಒಂದು ಪರಿಮಳ. ಒಡೆದು ಉಳಿದ ಸಕ್ಕರೆಯಿಂದಾಗಿ ಬೆಂದ ಬ್ರೆಡ್ಡಿನ ಮೇಲ್ಮೈ ಕೆಂಪಗೆ, ಹೊಳಪಾಗಿ ಬರುತ್ತದೆ. ಈ ಬಣ್ಣ ಮೇಲಿಂದ ಹಾಲು ಸವರಿದರೆ ಬರುವುದಲ್ಲ.

ನಾನು ಮಾಡುವ ಕ್ರಮ ಹೇಳುತ್ತೇನೆ. 500 ಗ್ರಾಂ ಮೈದಾ. ನಮ್ಮಲ್ಲಿ ಸಿಗುವ ಮೈದಾದಲ್ಲಿ ಪ್ರೋಟೀನ್ ಶೇಕಡಾ ಹತ್ತರ ಆಸುಪಾಸು, ಹೆಚ್ಚು ನೀರು ತಡೆಯುವುದಿಲ್ಲ. ಹಾಗಾಗಿ ನೀರು 310 ಗ್ರಾಂ. ಮಳೆಗಾಲದಲ್ಲಿ ಹಿಟ್ಟೇ ಗಾಳಿಯಿಂದ ನೀರು ಕುಡಿದಿರುತ್ತದೆ, ಆಗ ಎರಡು ಮೂರು ಚಮಚ ನೀರನ್ನು ಬದಿಗಿಟ್ಟು, ಬೇಕೆನಿಸಿದರೆ ಮಾತ್ರ ಸೇರಿಸುವುದು. ಉಪ್ಪು 10 ಗ್ರಾಂ. ಉಪ್ಪು ರುಚಿಗೆ ಮಾತ್ರ ಅಲ್ಲ, ಯೀಸ್ಟಿನ ಓಟಕ್ಕೆ ಕಡಿವಾಣವೂ ಹೌದು, ಸೆಕೆಯ ಊರಿನಲ್ಲಿ ಕಡಿಮೆ ಮಾಡಬೇಡಿ. ಇನ್‌ಸ್ಟಂಟ್ ಯೀಸ್ಟ್ 2 ಗ್ರಾಂ, ಅಂದರೆ ಮುಕ್ಕಾಲು ಚಮಚಕ್ಕಿಂತ ತುಸು ಕಡಿಮೆ. ಯೀಸ್ಟಿನ ಪ್ಯಾಕೆಟ್ ಒಡೆದ ಮೇಲೆ ಗಾಳಿಯಾಡದ ಸಣ್ಣ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡಿ. ನಮ್ಮ ಮಳೆಗಾಲದ ತೇವಕ್ಕೆ ಹೊರಗಿಟ್ಟ ಯೀಸ್ಟ್ ಬೇಗ ಸಾಯುತ್ತದೆ.

ಸಂಜೆ ಆರರ ಹೊತ್ತಿಗೆ ಹಿಟ್ಟು, ತಣ್ಣೀರು ಕಲಸಿ ಬಿಡುತ್ತೇನೆ. ದೀಪ ಹಚ್ಚಿ ಬರುವಾಗ ಅರ್ಧ ಗಂಟೆ ಆಗಿರುತ್ತದೆ. ಯೀಸ್ಟ್, ಉಪ್ಪು ಸೇರಿಸಿ ಐದು ನಿಮಿಷ ನಾದುತ್ತೇನೆ. ಆಮೇಲೆ ಅರ್ಧರ್ಧ ಗಂಟೆಗೊಮ್ಮೆ ಕೈ ಒದ್ದೆ ಮಾಡಿಕೊಂಡು, ಹಿಟ್ಟಿನ ಒಂದೊಂದು ಬದಿಯನ್ನು ಎಳೆದು ಮಡಚುವುದು, ಎರಡು ಸಲ. ಇನ್ನು ಉಬ್ಬಲಿ ಅಂತ ಕಾಯುವುದಿಲ್ಲ. ಅರ್ಧ ಉಬ್ಬಿತು ಎನ್ನುವಾಗಲೇ ಫ್ರಿಜ್ಜಿಗೆ.

ಇಲ್ಲಿ ಒಂದು ವಿಷಯ ಮುಖ್ಯ, ಹೆಚ್ಚಿನ ವಿಧಾನಗಳಲ್ಲಿ ಇದು ಇರುವುದೇ ಇಲ್ಲ. ಫ್ರಿಜ್ಜಿನಲ್ಲಿ ಇಟ್ಟ ಕೂಡಲೇ ಹಿಟ್ಟು ತಣ್ಣಗಾಗುವುದಿಲ್ಲ. ಹಿಟ್ಟು ಬಿಸಿಯನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ದೊಡ್ಡ ಉಂಡೆಯಾದರೆ ನಡುಭಾಗ ತಂಪಾಗಲು ಗಂಟೆಗಳೇ ಬೇಕು. ಅಷ್ಟು ಹೊತ್ತೂ ಒಳಗೆ ಯೀಸ್ಟ್ ಜೋರಾಗಿಯೇ ಇರುತ್ತದೆ, ಆ ಕೆಲಸದಿಂದ ಇನ್ನಷ್ಟು ಬಿಸಿಯೂ ಹುಟ್ಟುತ್ತದೆ. ಅದಕ್ಕೆ ಹಿಟ್ಟನ್ನು ಉಂಡೆ ಮಾಡದೆ, ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ ಇಡಬೇಕು. ಪ್ಲಾಸ್ಟಿಕ್ಕಿಗಿಂತ ಸ್ಟೀಲ್ ಬೇಗ ತಣಿಯುತ್ತದೆ. ಡಬ್ಬಿಯನ್ನು ಕೆಳಗಿನ ತಟ್ಟಿನಲ್ಲಿ ಹಿಂದಕ್ಕೆ ತಳ್ಳಿ. ಬಾಗಿಲಿನ ಬದಿ ಬೇಡ, ಮನೆಯಲ್ಲಿ ಮಕ್ಕಳಿದ್ದರಂತೂ ಬಾಗಿಲು ತೆರೆಯುತ್ತಲೇ ಇರುತ್ತದೆ. ಮುಚ್ಚಳ ಬಿಗಿ ಇರಲಿ, ಹಿಟ್ಟಿನ ಮೇಲೆ ಒಂದು ಹನಿ ಎಣ್ಣೆ ಸವರಿರಲಿ. ಈಗಿನ ಫ್ರಾಸ್ಟ್‌ಫ್ರೀ ಫ್ರಿಜ್ಜುಗಳ ಗಾಳಿ ಒಣ ಗಾಳಿ. ತೆರೆದಿಟ್ಟ ಹಿಟ್ಟಿನ ಮೇಲೆ ಚರ್ಮ ಕಟ್ಟುತ್ತದೆ, ಆ ಚರ್ಮ ಬ್ರೆಡ್ಡಿನೊಳಗೆ ಗಟ್ಟಿ ಗೆರೆಯಾಗಿ ಉಳಿಯುತ್ತದೆ.

ಬೆಳಗ್ಗೆ ತೆಗೆದು, ತಣ್ಣಗಿರುವಾಗಲೇ ಆಕಾರ ಕೊಡುವುದು. ತಣ್ಣನೆಯ ಹಿಟ್ಟು ಅಂಟುವುದಿಲ್ಲ, ಮೇಲಿಂದ ಮೇಲೆ ಪುಡಿ ಉದುರಿಸಬೇಕಾಗಿಲ್ಲ. ಮೊದಲು ಮೆಲ್ಲನೆ ಉಂಡೆ ಮಾಡಿ ಹದಿನೈದು ಇಪ್ಪತ್ತು ನಿಮಿಷ ಬಿಡಿ. ಇದು ಇನ್ನೊಂದು ವಿಶ್ರಾಂತಿ, ಕಣಕದ್ದೇ ತರದ್ದು. ಆಮೇಲೆ ಸುರುಳಿ ಸುತ್ತಿ ಟಿನ್ನಿಗೆ. ನಮ್ಮ ಸೆಕೆಯಲ್ಲಿ ಒಂದೂವರೆ ಗಂಟೆಯೊಳಗೆ ಟಿನ್ನಿನ ಅಂಚಿಗೆ ಬರುತ್ತದೆ. ಆದರೆ ಗಡಿಯಾರ ನೋಡುವುದಕ್ಕಿಂತ ಬೆರಳಿನಿಂದ ಒತ್ತಿ ನೋಡುವುದು ಮೇಲು. ಒತ್ತಿದ ಗುಳಿ ಥಟ್ಟನೆ ಮೇಲೆ ಬಂದರೆ ಇನ್ನೂ ಹೊತ್ತು ಬೇಕು. ನಿಧಾನಕ್ಕೆ, ಅರ್ಧಕ್ಕೆ ಬಂದರೆ ಓವನ್ನಿಗೆ ಇಡುವ ಹೊತ್ತು. ಬಾರದೇ ಅಲ್ಲೇ ಉಳಿದರೆ ಹೊತ್ತು ಮೀರಿದೆ, ತಡಮಾಡದೆ ಬೇಯಿಸಿ. 200 ಡಿಗ್ರಿಯಲ್ಲಿ 30ರಿಂದ 35 ನಿಮಿಷ.

ಗೋಧಿ ಹಿಟ್ಟಿನದ್ದು ಬೇರೆ ಕತೆ. ಮಿಲ್ಲಿನ ಕಲ್ಲಿನಲ್ಲಿ ಬೀಸಿದ ಹಿಟ್ಟಿನ ಪಿಷ್ಟದ ಕಣಗಳು ಜಾಸ್ತಿ ಜಜ್ಜಿ ಹೋಗಿರುತ್ತವೆ. ಅದರಿಂದ ಅದು ನೀರು ಜಾಸ್ತಿ ಕುಡಿಯುತ್ತದೆ, ಹುಳಿಯೂ ಬೇಗ ಬರುತ್ತದೆ. ಮೈದಾ ಒಂದು ಇಡೀ ದಿನ ಫ್ರಿಜ್ಜಿನಲ್ಲಿ ತಡೆದರೆ ಗೋಧಿಗೆ ಹನ್ನೆರಡು ಗಂಟೆ ಸಾಕು. ತವುಡಿನ ಚೂಪು ಅಂಚುಗಳು ಗ್ಲುಟನ್ನಿನ ಎಳೆಯನ್ನು ಕತ್ತರಿಸುತ್ತವೆ. ಅದಕ್ಕೇ ಗೋಧಿ ಹಿಟ್ಟಿಗೆ ಮೊದಲಿನ ನೀರು ಕುಡಿಯುವ ಹೊತ್ತನ್ನು ಒಂದು ಗಂಟೆಗೆ ಏರಿಸಬೇಕು. ತವುಡು ನೆನೆದು ಮೆತ್ತಗಾದರೆ ಹಾನಿ ಕಡಿಮೆ.

ಈಗ ಕರೆಂಟಿನ ವಿಷಯ. ಜೂನ್ ಬಂದರೆ ನಮ್ಮ ಕಡೆ ಗಾಳಿಗೆ ಅಡಿಕೆ ಮರವೋ ತೆಂಗಿನ ಮಡಲೋ ಲೈನಿಗೆ ಬಿದ್ದು ರಾತ್ರಿಯಿಡೀ ಕರೆಂಟಿಲ್ಲ. ಹೆಚ್ಚಿನವರ ಮನೆಯ ಇನ್ವರ್ಟರಿನಲ್ಲಿ ಫ್ರಿಜ್ ಓಡುವುದಿಲ್ಲ. ಬಾಗಿಲು ತೆರೆಯದಿದ್ದರೆ ಫ್ರಿಜ್ ನಾಲ್ಕು ಗಂಟೆಯವರೆಗೆ ತಂಪು ಹಿಡಿದಿಡುತ್ತದೆ. ಅಂಥ ದಿನಗಳಿಗೆ ಒಂದೆರಡು ಬಾಟಲಿ ನೀರನ್ನು ಮೊದಲೇ ಫ್ರೀಜರಿನಲ್ಲಿ ಗಟ್ಟಿ ಮಾಡಿ ಇಟ್ಟುಕೊಂಡರೆ, ಹಿಟ್ಟಿನ ಡಬ್ಬಿಯ ಪಕ್ಕ ನಿಲ್ಲಿಸಬಹುದು. ಬೆಳಗ್ಗೆಯೂ ಕರೆಂಟ್ ಬಾರದಿದ್ದರೆ? ಕರೆಂಟಿನ ಓವನ್, ಅಂದರೆ ಓಟಿಜಿಯೂ ಓಡದು. ಚಿಂತೆ ಬೇಡ. ಹಿಟ್ಟನ್ನು ಸಣ್ಣ ಉಂಡೆ ಮಾಡಿ, ತಟ್ಟಿ, ಗ್ಯಾಸಿನಲ್ಲಿ ಕಾವಲಿ ಇಟ್ಟು ಮುಚ್ಚಳ ಮುಚ್ಚಿ ಬೇಯಿಸಿ. ದಪ್ಪ ರೊಟ್ಟಿ ಆಗುತ್ತದೆ. ಮೇಲಿಂದ ತುಪ್ಪ, ಬದಿಗೆ ಬದನೆ ಗೊಜ್ಜು. ಮಳೆಯ ಬೆಳಗ್ಗೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ತಿಂದಿಲ್ಲ.

ಫ್ರಿಜ್ ಇಲ್ಲದ ಕಾಲದಲ್ಲಿ ನಮ್ಮ ಕರಾವಳಿಯ ಬೇಕರಿಗಳು ಹೇಗೆ ನಡೆದವು ಎಂದು ಯೋಚಿಸಿದರೆ ಅವರ ಮೇಲೆ ಗೌರವ ಹೆಚ್ಚುತ್ತದೆ. ನಮ್ಮ ದಕ್ಷಿಣಕ್ಕಿರುವ ತಲಶ್ಶೇರಿಯಲ್ಲಿ ಮಂಬಳ್ಳಿ ಬಾಪು 1880ರಲ್ಲಿ ಬಿಸ್ಕೆಟ್ ಕಾರ್ಖಾನೆ ಶುರು ಮಾಡಿದರು. 1883ರಲ್ಲಿ ಅಂಜರಕಂಡಿಯ ತೋಟದ ದೊರೆ ಮರ್ಡಕ್ ಬ್ರೌನ್ ಕೇಳಿದ ಕ್ರಿಸ್‌ಮಸ್ ಕೇಕನ್ನು ಮಾಡಿಕೊಟ್ಟವರೂ ಅವರೇ. ಆಗ ಇಲ್ಲಿ ಪ್ಯಾಕೆಟ್ ಯೀಸ್ಟ್ ಎಲ್ಲಿ? ಹುಳಿ ಬರಿಸಲು ಶೇಂದಿ ಬಳಸುತ್ತಿದ್ದರು ಎಂದು ಹೇಳುತ್ತಾರೆ. ಶೇಂದಿಯಲ್ಲಿ ಕಾಡು ಯೀಸ್ಟ್ ತುಂಬಿರುತ್ತದೆ, ಶೇಂದಿ ಹಾಕಿ ಮಾಡುವ ಕಳ್ಳಪ್ಪ ಉಬ್ಬುವುದೂ ಅದರಿಂದಲೇ. ಈ ಸೆಕೆಯಲ್ಲಿ, ಅಂಥ ಹುಳಿಯನ್ನು, ಅಳತೆ ಮಾಡುವ ಯಾವ ಸಾಧನವೂ ಇಲ್ಲದೆ ಬರೀ ಕೈಯಲ್ಲಿ ಹಿಡಿದಿಟ್ಟವರು ಅವರು. ಬೇಕರಿಯ ಕೆಲಸ ನಡುರಾತ್ರಿ ಶುರುವಾಗಲು ಬೆಳಗ್ಗೆ ಬ್ರೆಡ್ ಮಾರಬೇಕು ಎನ್ನುವುದು ಒಂದು ಕಾರಣ. ದಿನದಲ್ಲಿ ಹಿಟ್ಟಿಗೆ ತಂಪು ಸಿಗುವ ಹೊತ್ತು ಅದೊಂದೇ ಎನ್ನುವುದೂ ಕಾರಣವಾಗಿತ್ತು ಅಂತ ನನಗೆ ಅನ್ನಿಸುತ್ತದೆ.

ಬೆಣ್ಣೆ ಸೇರುವ ಹಿಟ್ಟುಗಳಿಗೆ ತಂಪು ಇನ್ನೂ ಹೆಚ್ಚು ಬೇಕು. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿಯಲ್ಲಿ. ನಮ್ಮ ಏಪ್ರಿಲ್ ಅಡುಗೆಮನೆಯೂ ಅಷ್ಟೇ! ಬಿಸ್ಕೆಟ್ ಹಿಟ್ಟು ಕಲಸುತ್ತಾ ಇರುವಾಗಲೇ ಬೆಣ್ಣೆ ಎಣ್ಣೆಯಾಗಿರುತ್ತದೆ. ಅದನ್ನು ಹಾಗೇ ಓವನ್ನಿಗೆ ಇಟ್ಟರೆ ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ಹರಿದು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಬೆಣ್ಣೆ ಮತ್ತೆ ಗಟ್ಟಿಯಾಗುತ್ತದೆ, ಹಿಟ್ಟು ಇದ್ದ ನೀರನ್ನು ಕುಡಿಯುತ್ತದೆ, ಆಕಾರ ಉಳಿಯುತ್ತದೆ. ಮೊಟ್ಟೆ ಇಲ್ಲದ ನಮ್ಮ ಮನೆಯ ತೆಂಗಿನಕಾಯಿ ಬಿಸ್ಕೆಟ್ಟಿಗೆ 200 ಗ್ರಾಂ ಮೈದಾ, 120 ಗ್ರಾಂ ಬೆಣ್ಣೆ, 80 ಗ್ರಾಂ ಪುಡಿ ಸಕ್ಕರೆ, 50 ಗ್ರಾಂ ಒಣ ತೆಂಗಿನ ತುರಿ, ಏಲಕ್ಕಿ, ಚಿಟಿಕೆ ಉಪ್ಪು. ಇಲ್ಲಿ ನಾದಬಾರದು, ಮುದ್ದೆ ಕಟ್ಟಿದರೆ ಸಾಕು. ಗ್ಲುಟನ್ ಬೆಳೆದರೆ ಬಿಸ್ಕೆಟ್ ಗಟ್ಟಿಯಾಗುತ್ತದೆ. ಕೊಳವೆಯಂತೆ ಸುತ್ತಿ, ಬಟರ್ ಪೇಪರಿನಲ್ಲಿ ಬಿಗಿದು, ತಣಿದ ಮೇಲೆ ಚೂಪಾದ ಚಾಕುವಿನಿಂದ ಬಿಲ್ಲೆ ಕತ್ತರಿಸುವುದು. 170 ಡಿಗ್ರಿಯಲ್ಲಿ ಹದಿನೆಂಟು ಇಪ್ಪತ್ತು ನಿಮಿಷ.

ಬೆಣ್ಣೆಯ ಬದಲು ತೆಂಗಿನೆಣ್ಣೆ ಹಾಕುವವರೂ ಇದ್ದಾರೆ, ತೆಂಗಿನ ಊರಿನಲ್ಲಿ ಅದು ಸಹಜವೇ. ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) 1916ರಲ್ಲಿ ಶುರುವಾದದ್ದೇ ತೆಂಗಿನ ಸಂಶೋಧನೆಗೆಂದು. ಅದರ ಪ್ರಚಾರದಿಂದಲೂ ವರ್ಜಿನ್ ತೆಂಗಿನೆಣ್ಣೆ ಈಗ ಇಲ್ಲಿ ಮನೆಮನೆಗೆ ಬಂದಿದೆ. ಪರಿಮಳ ಬಹಳ ಚೆಂದ. ಆದರೆ ಫ್ರಿಜ್ಜಿನಲ್ಲಿ ಅದು ಬೆಣ್ಣೆಗಿಂತ ಗಟ್ಟಿಯಾಗಿ ಕಲ್ಲಿನ ಹಾಗಾಗುತ್ತದೆ. ತೆಗೆದ ಕೂಡಲೇ ಕತ್ತರಿಸಿದರೆ ಬಿಲ್ಲೆ ಪುಡಿಯಾಗುತ್ತದೆ. ಐದು ನಿಮಿಷ ಹೊರಗಿಟ್ಟು ಕತ್ತರಿಸಬೇಕು. ಹತ್ತು ನಿಮಿಷವಾದರೆ ಕರಗಲು ಶುರು. ಆ ಐದು ನಿಮಿಷ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಪಫ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿಟ್ಟಿನ ಪದರ, ಬೆಣ್ಣೆಯ ಪದರ, ಎರಡೂ ಒಂದೇ ಹದದಲ್ಲಿ ಗಟ್ಟಿ ಇರಬೇಕು. ಪ್ರತಿ ಮಡಿಕೆಗೂ ಮತ್ತೆ ಅರ್ಧ ಗಂಟೆ ಫ್ರಿಜ್ಜು. ಪೇಟೆಯ ಬೇಕರಿಗಳು ಬೆಣ್ಣೆಗಿಂತ ಜಾಸ್ತಿ ಬಿಸಿಯಲ್ಲಿ ಕರಗುವ ಮಾರ್ಗರಿನ್ ಬಳಸುವುದು ಈ ತೊಂದರೆಯಿಂದ ಪಾರಾಗಲು. ಅದಕ್ಕೇ ಕೆಲವು ಪಫ್ಸ್ ತಿಂದ ಮೇಲೆ ಅಂಗುಳಕ್ಕೆ ಜಿಡ್ಡು ಹಿಡಿದ ಹಾಗಾಗುತ್ತದೆ. ಮನೆಯಲ್ಲಿ ಬೆಣ್ಣೆಯಲ್ಲೇ ಮಾಡಬೇಕು ಅಂತಿದ್ದರೆ ಡಿಸೆಂಬರ್, ಜನವರಿಯ ಬೆಳಗನ್ನು ಕಾಯುವುದು ಮೇಲು.

ಹಾಲು, ಮೊಸರು, ಮೊಟ್ಟೆ ಬಿದ್ದ ಹಿಟ್ಟನ್ನು ನಮ್ಮ ಸೆಕೆಯಲ್ಲಿ ರಾತ್ರಿಯಿಡೀ ಹೊರಗೆ ಬಿಡುವುದು ಸರಿಯಲ್ಲ. ಬನ್ಸಿನ ಹಿಟ್ಟನ್ನು ಬಾಳೆಹಣ್ಣು, ಮೊಸರು ಹಾಕಿ ಕಲಸಿ ರಾತ್ರಿ ಮುಚ್ಚಿಡುವ ರೂಢಿ ನಮ್ಮಲ್ಲೂ ಉಂಟು. ಮಳೆ, ಚಳಿಯಲ್ಲಿ ಏನೂ ಆಗುವುದಿಲ್ಲ. ಏಪ್ರಿಲ್, ಮೇ ತಿಂಗಳಿನಲ್ಲಿ ಮಾತ್ರ ನಾನು ಒಂದು ಗಂಟೆ ಹೊರಗಿಟ್ಟು ಆಮೇಲೆ ಫ್ರಿಜ್ಜಿಗೆ ಇಡುತ್ತೇನೆ. ಬೆಳಗ್ಗೆ ಲಟ್ಟಿಸಲೂ ಸುಲಭ, ಹುಳಿಯೂ ಹದವಾಗಿರುತ್ತದೆ.

ಇನ್ನು ಉಳಿದ ಹಿಟ್ಟು. ಎಲ್ಲವನ್ನೂ ಒಂದೇ ದಿನ ಬೇಯಿಸಬೇಕಾಗಿಲ್ಲ. ಬಿಸ್ಕೆಟ್ಟಿನ ಕೊಳವೆಯನ್ನು ಫ್ರೀಜರಿನಲ್ಲಿ ತಿಂಗಳು ಇಡಬಹುದು, ನೆಂಟರು ಬಂದ ದಿನ ಬೇಕಷ್ಟೇ ಕತ್ತರಿಸಿಕೊಂಡರಾಯಿತು. ಬ್ರೆಡ್ ಹಿಟ್ಟು ಫ್ರಿಜ್ಜಿನಲ್ಲಿ ಎರಡನೆಯ ದಿನಕ್ಕೆ ಜಾಸ್ತಿ ಹುಳಿಯಾಗುತ್ತದೆ, ಮೈ ಸಡಿಲವಾಗುತ್ತದೆ. ಅದರಲ್ಲೇ ಬ್ರೆಡ್ ಮಾಡಲು ಹೋದರೆ ಚಪ್ಪಟೆಯಾಗುತ್ತದೆ, ಎಸೆಯಲೂ ಬೇಡಿ. 500 ಗ್ರಾಂ ಮೈದಾದ ಹೊಸ ಹಿಟ್ಟಿಗೆ ಹಳೆಯದರ 100 ಗ್ರಾಂ ಚೂರು ಮಾಡಿ ಸೇರಿಸಿ. ಹೊಸ ಯೀಸ್ಟನ್ನು ಅರ್ಧಕ್ಕೆ ಇಳಿಸಬಹುದು, ರುಚಿ ಮೊದಲ ದಿನದಿಂದಲೇ ಇರುತ್ತದೆ. ಅದಕ್ಕಿಂತ ಜಾಸ್ತಿ ಹಳೆಯ ಹಿಟ್ಟು ಉಳಿದಿದ್ದರೆ ಈರುಳ್ಳಿ, ಹಸಿಮೆಣಸು, ಕರಿಬೇವಿನಸೊಪ್ಪು ಹೆಚ್ಚಿ ಹಾಕಿ ಕಾವಲಿಯಲ್ಲಿ ತೆಳ್ಳಗೆ ತಟ್ಟಿ. ಸಂಜೆ ಶಾಲೆಯಿಂದ ಬಂದ ಮಕ್ಕಳಿಗೆ ಕೊಟ್ಟರೆ ಹುಳಿಯ ಬಗ್ಗೆ ಯಾರೂ ಕೇಳುವುದಿಲ್ಲ, ಇನ್ನೊಂದು ಉಂಟಾ ಅಂತ ಮಾತ್ರ ಕೇಳುತ್ತಾರೆ.